ಮೂರನೆಯ ನೀರು

ನನ್ನದು ತೊಳೆಯುವ ಕೆಲಸ.
ಕಂಕನಾಡಿಯ ಕಣ್ಣಾಸ್ಪತ್ರೆಯ ಹಿಂದಿನ ಕೋಣೆ,
ಒಂದು ಕಿಟಕಿ, ಎರಡು ತೊಟ್ಟಿ,
ಗೋಡೆಯಲ್ಲಿ ತೊಳೆಯುವ ಕ್ರಮದ ಹಾಳೆ.
ನೀರು ಹಾರಿ ಹಾರಿ ಅದರ ಐದನೆಯ ಸಾಲು ಮಾಸಿದೆ.
ಹದಿನೇಳು ವರ್ಷ. ಎಷ್ಟು ಜನರ ಪೊರೆ
ಈ ತೂಬಿನಲ್ಲಿ ಇಳಿದು ಹೋಯಿತೋ, ಲೆಕ್ಕ ಇಟ್ಟವರಿಲ್ಲ.

ಆ ಶುಕ್ರವಾರ ಹನ್ನೊಂದು ಕಣ್ಣು.
ಪಂಪು ಕೆಟ್ಟು ನಲ್ಲಿಯಲ್ಲಿ ನೂಲಿನಷ್ಟು ನೀರು.
ಸೋಪಿನ ಡಬ್ಬಿ ಹೊಸದು, ನೀಲಿ, ನೊರೆ ಜಾಸ್ತಿ.
ಒಳಗಿನಿಂದ ಕೂಗು: "ಅಪೊಲಿನ್, ಬೇಗ!"
ಸೂಜಿಗಿಂತ ಸಪೂರದ ಆ ಕೊಳವೆಯೊಳಗೆ
ಮೂರು ಸಲ ನೀರು ಹಾಯಿಸಬೇಕು.
ಎರಡು ಸಲ ಹಾಯಿಸಿದೆ.
ಎರಡು.
ಇವತ್ತಿಗೂ ಊಟಕ್ಕೆ ಕೂತರೆ ಹೆಬ್ಬೆರಳು
ಮೂರನೆಯ ಸಲಕ್ಕೆಂದು ಗಾಳಿಯನ್ನು ಒತ್ತುತ್ತದೆ.

ಶನಿವಾರ ಪಟ್ಟಿ ಬಿಚ್ಚಿದರು.
ಬೆಂಗ್ರೆಯ ಗಿರಿಯ ಸಾಲ್ಯಾನರು ಸುತ್ತ ನೋಡಿ,
"ಎಂತ ಮಾರಾಯ್ರೆ, ಇಷ್ಟು ಮಂಜು?" ಎಂದರು.
ಮಾರ್ಚ್ ತಿಂಗಳ ಮಂಗಳೂರು.
ಎಂಟು ಗಂಟೆಗೇ ಡಾಮರು ಮೆತ್ತಗಾಗುವ ಬಿಸಿಲು.
ನೋವು ಉಂಟಾ? ಇಲ್ಲವಂತೆ. ಡಾಕ್ಟರಿಗೆ ಅದೇ ವಿಚಿತ್ರ.
ನಾಲ್ಕು ಕಣ್ಣು ಹಾಗೆಯೇ: ಅಂಚಿನಿಂದ ಅಂಚಿಗೆ
ಗಂಜಿತಿಳಿ ಬಳಿದ ಗಾಜು,
ಕಪ್ಪಿನ ಬುಡದಲ್ಲಿ ಸಣ್ಣದೊಂದು ಬಿಳಿ ಗೆರೆ.

ಕ್ರಿಮಿಯಾದರೆ ಕಣ್ಣೇ ಹೋಗುತ್ತದೆ.
ಹನಿ ತೆಗೆದು ಲ್ಯಾಬಿಗೆ ಕಳಿಸಿದರು.
ಹಂಪನಕಟ್ಟೆಯಲ್ಲಿ ನಾನು
ನನ್ನ ನಂಬರಿನ ಬಸ್ಸುಗಳನ್ನೇ ಬಿಟ್ಟು ಬಿಟ್ಟು ನಿಂತೆ.
ಸೋಮವಾರ ಕಾಗದ ಬಂತು: ಏನೂ ಬೆಳೆದಿಲ್ಲ.
ಎಲ್ಲರೂ ಉಸಿರು ಬಿಟ್ಟರು.
ನನ್ನದು ಅಲ್ಲೇ ನಿಂತಿತು.
ಯಾರೂ ಇಲ್ಲದ ಆ ತಟ್ಟೆಯಲ್ಲಿ ನಾನಿದ್ದೆ,
ಕೊಳೆ ತೆಗೆಯಲೆಂದು ತಂದ ಸೋಪಾಗಿ,
ಸಾಸಿವೆಯ ಕಾಲು ಪಾಲು, ಬೇಯಿಸಿ ಶುದ್ಧ ಮಾಡಿದ್ದು,
ಒಂದು ಜೀವಾಣುವೂ ಬದುಕದಷ್ಟು ಶುದ್ಧ.

ಡಾಕ್ಟರ್ ವಾರಿಜಾ ಬಲ್ಲಾಳ್ ತೊಳೆಯುವ ಕೋಣೆಗೆ ಬಂದರು,
ಹದಿನೇಳು ವರ್ಷದಲ್ಲಿ ಮೊದಲ ಸಲ.
"ಎಷ್ಟು ನೀರು?"
"ಎರಡು."
ಬೈಯಲಿಲ್ಲ. ಬೈದಿದ್ದರೆ ಅತ್ತು ಮನೆಗೆ ಹೋಗುತ್ತಿದ್ದೆ.
ಪೆನ್ನು ತೆಗೆದು ಐದನೆಯ ಸಾಲನ್ನು ಒತ್ತಿ ತಿದ್ದಿದರು.
ಆಮೇಲೆ ನಾಲ್ಕು ಮನೆಯವರನ್ನೂ ಕೂರಿಸಿ ಹೇಳಿದರು,
"ಇದು ನಮ್ಮಿಂದ ಆದದ್ದು."
ಕೈ ತೊಳೆದುಕೊಳ್ಳಬಹುದಿತ್ತು;
ತೊಟ್ಟಿ ಪಕ್ಕದಲ್ಲೇ ಇತ್ತು.

ಗಂಟೆಗೊಮ್ಮೆ ಸ್ಟಿರಾಯ್ಡ್ ಹನಿ, ಬಾಟಲಿ ಕುಲುಕಿ.
ರಾತ್ರಿಯ ಪಾಳಿ ನಾನೇ ಕೇಳಿ ತೆಗೆದುಕೊಂಡೆ.
ಪೊರೆ ಎಂದರೆ ಕಾಪಾಡು ಎಂದೂ ಆಗುತ್ತದೆಂದು
ಏಳನೇ ಕ್ಲಾಸಿನಲ್ಲಿ ಕಲಿತಿದ್ದೆ.
ಎರಡು ಗಂಟೆ, ಮೂರು ಗಂಟೆ,
ರೆಪ್ಪೆ ಕೆಳಗೆಳೆದು ಆ ಒಂದು ಶಬ್ದ
ಬಾಯೊಳಗೇ ಹೇಳಿ ಹನಿ ಬಿಡುತ್ತಿದ್ದೆ.

ಹತ್ತು ದಿನಕ್ಕೆ ಮೂರು ಕಣ್ಣು ತಿಳಿಯಾದವು.
ಸಾಲ್ಯಾನರ ಗಾಜೂ ತಿಳಿಯಾಯಿತು,
ಪಾಪೆ ಮಾತ್ರ ತೆರೆದು ಮರೆತ ಬಾಗಿಲು.
ಎಷ್ಟು ಬೆಳಕು ಬಿದ್ದರೂ ಕುಗ್ಗುವುದಿಲ್ಲ.

ಮೇ ತಿಂಗಳಲ್ಲಿ ಬಂದರಿನಿಂದ ದೋಣಿ ಹತ್ತಿ
ಬೆಂಗ್ರೆಗೆ ಹೋದೆ. ಮರಳಲ್ಲಿ ಕಾಲು ಚಾಚಿ
ಕಪ್ಪು ಕನ್ನಡಕದವರು ಬಲೆ ಹೆಣೆಯುತ್ತಿದ್ದರು.
"ಬಲೆಯ ಒಂದೊಂದು ಕಣ್ಣೂ ಕಾಣ್ತದೆ ಬಾಯಮ್ಮ.
ನೀರಿನ ಮೇಲಿನ ಬಿಸಿಲು ಮಾತ್ರ ಚುಚ್ಚುದು."
ಎರಡು ಸಲ ಎಂಬುದನ್ನು ಹೇಳಿದೆ.
ಮೂರಕ್ಕೆ ಒಂದು ಕಡಿಮೆ ಎಂದು ಹೇಳಿದೆ.
ಅವರು ನೈಲಾನ್ ದಾರವನ್ನು ಹಲ್ಲಿನಲ್ಲಿ ಕಡಿದರು.
"ಮೂರು ಅಂತ ಬರೆದಿತ್ತಾ?"
"ಬರೆದಿತ್ತು."
"ಹ್ಞೂಂ."
ಸೂಜಿ ನಾಲ್ಕು ಕಣ್ಣು ದಾಟಿತು.
ನಾನು ಹೊರಡಲೆಂದು ಚೀಲ ಎತ್ತಿದೆ.

"ಅಲ್ಲೇ ನಿಲ್ಲಿ," ಎಂದರು ತಲೆ ಎತ್ತದೆ.
"ಸ್ವಲ್ಪ ಎಡಕ್ಕೆ. ಹಾಂ, ಬಿಸಿಲಿಗೆ ಅಡ್ಡ."
ನಿಂತೆ.
ನಾಲ್ಕೂವರೆಯ ದೋಣಿ ಹೋಯಿತು.