ಕಾಲಿಗೆರಡು ಇಟ್ಟಿಗೆ

ಮಂಡ್ಯದ ಗುತ್ತಲು ರಸ್ತೆ, ಹೊಂಗೆಮರದಡಿ
ನಮ್ಮ ಇಸ್ತ್ರಿ ಮೇಜು.
ಅಪ್ಪ ಮಾಡಿಸಿದ್ದು, ಹಳೇ ಬಾಗಿಲೊಂದನ್ನು ಮಲಗಿಸಿ
ನಾಲ್ಕು ಕಾಲು ಕೊಟ್ಟು.
ಚಿಲಕವಿದ್ದ ಜಾಗದಲ್ಲಿ ಇನ್ನೂ ಒಂದು ತೂತು;
ಕಿತ್ತ ಗುಂಡಿ ಅದರೊಳಗೆ ಬಿದ್ದರೆ
ಮೇಜಿನಡಿ ನುಗ್ಗಿ ಹುಡುಕಬೇಕು.

ಅಪ್ಪ ಕುಳ್ಳ. ನಾನು ಅಮ್ಮನ ಕಡೆಯವರ ಹಾಗೆ,
ಹೊಸಿಲು ದಾಟುವಾಗೆಲ್ಲ ಹಣೆ ತಗುಲಿಸಿಕೊಂಡು ಬೆಳೆದವನು.
ಆದರೂ ಇಪ್ಪತ್ತಾರು ವರ್ಷ
ಅವನ ಸೊಂಟದ ಅಳತೆಗೆ
ನನ್ನ ಬೆನ್ನು ಮಡಚಿಟ್ಟೆ,
ಊರವರ ಷರಟು ಮಡಚಿದ ಹಾಗೆ.
ನೆರಿಗೆ ನನ್ನಲ್ಲಿ ಉಳಿಯಿತು.

ಕೈ ಮೊದಲೇ ಹೇಳಿತ್ತು.
ಬೆಳಿಗ್ಗೆ ಲೋಟ ಎತ್ತುವಾಗ ಹೆಬ್ಬೆರಳ ಬುಡದಲ್ಲಿ
ಒಂದು ಸಣ್ಣ ಸೂಜಿ.
ರಾತ್ರಿ ಮುದ್ದೆ ಮುರಿಯುವಾಗ ಬೆರಳು ಜೋಮು.
ಏಳು ಕೇಜಿ ಪೆಟ್ಟಿಗೆ, ದಿನಕ್ಕೆ ನೂರಿಪ್ಪತ್ತು ಬಟ್ಟೆ,
ಎಷ್ಟು ಸಲ ಎತ್ತಿದೆ, ಎಷ್ಟು ಸಲ ಇಳಿಸಿದೆ
ಯಾರು ಎಣಿಸಿದ್ದಾರೆ?
ಮಣಿಕಟ್ಟು ಎಣಿಸಿತ್ತು.

ಎಲೆಕ್ಷನ್ ಬಂತು ನೋಡಿ,
ಗಂಜಿ ಹಾಕಿದ ಬಿಳಿ ಷರಟು, ಬಿಳಿ ಪಂಚೆ,
ಮೂರೂ ಪಕ್ಷದವು ಒಂದೇ ಗಂಟಿನಲ್ಲಿ.
ಗಂಜಿ ಬಟ್ಟೆ ಸುಮ್ಮನೆ ಬಗ್ಗುವುದಿಲ್ಲ.
ಹಲ್ಲು ಕಚ್ಚಿ ಒತ್ತಿದೆ.
ಒಂದು ಸಂಜೆ ಪೆಟ್ಟಿಗೆ ಕೈಯಿಂದ ಜಾರಿ
ಕೆಂಡ ರಸ್ತೆಗೆ ಚೆಲ್ಲಿತು.
ಸ್ಕೂಟರಿನವನು ಬೈದು ಹೋದ.
ಸಾಕಮ್ಮ ಮಾತಾಡದೆ ಇಕ್ಕಳ ಹಿಡಿದು ಒಂದೊಂದೇ ಆರಿಸಿದಳು.

ಎದುರು ಕಟ್ಟಡದ ಗಾರೆ ತಿಬ್ಬಯ್ಯ
ಬೀಡಿಗೆ ಕೆಂಡ ಕೇಳಿಕೊಂಡು ಬಂದವನು
ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದ,
ಸೊಟ್ಟಗೋಡೆ ನೋಡುವ ಹಾಗೆ.
"ಗ್ವಾಡೆ ಏರ್ದಂಗೆಲ್ಲ ಸಾರುವೆ ಏರಿಸ್ತೀವಿ ಕಣ್ ಮಾದಣ್ಣ.
ಕೆಲ್ಸ ಹೊಟ್ಟೆ ಮುಂದೆ ಇರ್ಬೇಕು.
ಕೆಳಗಿದ್ರೆ ಬೆನ್ನು ತಿಂತದೆ, ಮ್ಯಾಲಿದ್ರೆ ಹೆಗಲು ತಿಂತದೆ.
ನಿನ್ ಮೇಜ್ಯಾಕೆ ನಿಮ್ಮಪ್ಪನ್ ಹತ್ರನೇ ನಿಂತದೆ?"

ಸಿಟ್ಟು ಬಂತು.
ಎರಡು ದಿನ ಅವನಿಗೆ ಕೆಂಡ ಕೊಡಲಿಲ್ಲ.
ಮೂರನೆಯ ದಿನ ನಾನು ಬರುವಷ್ಟರಲ್ಲಿ
ಮೇಜಿನಡಿ, ಕಾಲಿಗೆರಡರಂತೆ, ಎಂಟು ಇಟ್ಟಿಗೆ.
ಸಾಕಮ್ಮ ತಿರುಗಿ ನೋಡದೆ ಇದ್ದಿಲು ಊದುತ್ತಿದ್ದಳು.

ಮೊದಲ ಷರಟು ಹಾಸಿದೆ.
ಬಗ್ಗಲು ಹೋದ ಬೆನ್ನು ದಾರಿ ತಪ್ಪಿ ನಿಂತಿತು.
ಎದುರಿಗೆ ನೋಡಿದರೆ ಒಂದು ಔಷಧಿ ಅಂಗಡಿ!
ಯಾವಾಗ ಬಂತೋ.

ಮಿಕ್ಕದ್ದು ನಿಧಾನಕ್ಕೆ ಕಲಿತೆ.
ಪೆಟ್ಟಿಗೆಗೇ ಅಷ್ಟು ತೂಕ, ನಾನೇಕೆ ಒತ್ತಬೇಕು?
ರಾತ್ರಿಯೇ ನೀರು ಚಿಮುಕಿಸಿ ಸುರುಳಿ ಸುತ್ತಿಟ್ಟರೆ
ಗಂಜಿಯ ಸೊಕ್ಕೂ ಇಳಿಯುತ್ತದೆ.
ಹಿಡಿಯೆಂದರೆ ಸಂತೆಯಲ್ಲಿ ಮಗುವಿನ ಕೈ,
ಬಿಡಬಾರದು, ಹಿಸುಕಲೂಬಾರದು.
ಹದಿನೈದು ಬಟ್ಟೆಗೊಮ್ಮೆ ಬೂದಿ ಕೊಡವುವ ನೆಪ ಮಾಡಿ
ಅಂಗೈ ಬಿಚ್ಚಿ ಗಾಳಿಗೆ ಹಿಡಿಯುತ್ತೇನೆ.
ಎಡಗೈಗೂ ಪಾಠ ಹೇಳಿದೆ. ಮೊದಲ ವಾರವೇ ಅದು
ಮೇಷ್ಟರೊಬ್ಬರ ಜೇಬು ಸುಟ್ಟಿತು.
ಆ ಜೇಬಿಗೆ ನನ್ನ ಜೇಬಿನಿಂದ ಕೊಟ್ಟೆ.

ನೋವು ಪೂರ್ತಿ ಹೋಯಿತೇ? ಇಲ್ಲ.
ಮೋಡದ ದಿನ ಸೂಜಿ ಎದ್ದು ಕೂರುತ್ತದೆ.
ಹತ್ತು ವರ್ಷ ಮೊದಲೇ ಇಟ್ಟಿಗೆ ಸಿಕ್ಕಿದ್ದರೆ...
ಬಿಡಿ, ಊರ ತುಂಬ ಇಟ್ಟಿಗೆ ಆಗಲೂ ಇತ್ತು.

ಮಧ್ಯಾಹ್ನ ಗಂಟು ಕೊಡಲು ನಾನು ಹೋದಾಗ
ಸಾಕಮ್ಮ ನಿಲ್ಲುತ್ತಾಳೆ.
ಮೇಜು ಈಗ ಅವಳಿಗೆ ಎತ್ತರ.
ಹೆಗಲನ್ನು ಕಿವಿಗೇರಿಸಿಕೊಂಡು
ಒಂದು ತಿಂಗಳು ಉಜ್ಜಿದ್ದಾಳೆ. ಹೇಳಲಿಲ್ಲ.
ನಾನೂ ನೋಡಲಿಲ್ಲ.
ಈಗ ಅವಳ ಕಾಲಡಿ ಸಾರುವೆಯದೇ ಹಲಗೆ,
ಗಾರೆ ಮೆತ್ತಿದ ದಪ್ಪ ಹಲಗೆ.
ಅದರ ಮೇಲೆ ನಿಂತರೆ
ಅವಳು ನನ್ನ ಕಣ್ಣಿಗೆ ಕಣ್ಣಿಟ್ಟೇ ಮಾತಾಡುತ್ತಾಳೆ.
ಬೈಯುವುದೂ ಹಾಗೆಯೇ.

ಕಟ್ಟಡ ಮುಗಿಸಿ ಹೊರಟ ದಿನ ತಿಬ್ಬಯ್ಯ ಕೇಳಿದ,
"ಇಟ್ಗೆ ಅಲ್ಲಾಡ್ತದೆ, ಸಿಮೆಂಟ್ ಹಾಕ್ಲಾ?"
ಬ್ಯಾಡ ಅಂದೆ.
ನಾಳೆ ಇಲ್ಲಿ ಯಾರು ನಿಲ್ತಾರೋ,
ಎಷ್ಟುದ್ದ ಇರ್ತಾರೋ.
ಬೀಡಿಗೆ ಕೆಂಡ ಕೊಟ್ಟೆ,
ಎಡಗೈಯಲ್ಲಿ.