ಐದನೆಯದು

ಹಾಸನದ ಅಂಗಡಿಯಲ್ಲಿ ಮುನಾವರ್ ಸಾಬರು
ಐದು ರೈಫಲ್ಲು ಕಂಬಳಿಯ ಮೇಲೆ ಮಲಗಿಸಿ ಅಂದರು:
"ಸೊಸೆ ಮನೆಗೆ ಹೊಂದಿಕೊಳ್ಳುವ ಹಾಗಲ್ಲಮ್ಮ,
ಚಪ್ಪಲಿ ಕಾಲಿಗೆ ಹೊಂದುವ ಹಾಗೆ ನೋಡು."

ನಾಲ್ಕರ ಹಿಡಿ ಉದ್ದ,
ಯಾರೋ ಆರಡಿ ಗಂಡಸಿಗೆ ಕೊರೆದದ್ದು.
ಐದನೆಯದು ಹಳೆಯ ಪಾಯಿಂಟ್ ಟೂ ಟೂ.
ಕೆನ್ನೆ ತಾನೇ ಹೋಗಿ ಕೂತಿತು.

"ಮೊದಲು ನೂರು ಗಜ, ಸಾವಿರದ ಮಾತು ಆಮೇಲೆ.
ಉಳಿದ ದುಡ್ಡು ಗಾಜಿಗೆ ಸುರಿ."
ಚೀಟಿ ಹಣ ಎಣಿಸಿದೆ.
ಸಾವಿರದೆಂಟುನೂರು ಕಮ್ಮಿ.

ಗಲ್ಲಾಪೆಟ್ಟಿಗೆಗೆ ಆನಿಸಿ ಹಿಡಿದ ಬರೀ ಸ್ಕೋಪಿನೊಳಗೆ
ಬೀದಿಯಾಚೆ ನೀರಿನ ಟ್ಯಾಂಕು, ಅದರ ಏಣಿ,
ಏಣಿಯಲ್ಲೊಂದು ತುಕ್ಕು ಹಿಡಿದ ಬೋಲ್ಟು.
ಕೂದಲೆಳೆಯ ಗೆರೆಗಳು
ಅದರ ಸುತ್ತ ತುಯ್ಯುತ್ತಿದ್ದವು.

"ಇದು ಅಲ್ಲಾಡ್ತದೆ ಸಾಬ್ರೇ."
"ಅದಲ್ಲ," ಚಹಾ ಊದುತ್ತ ಅಂದರು, "ನಿನ್ನ ನಾಡಿ.
ಅದಕ್ಕೆ ನನ್ನಲ್ಲಿ ರಿಪೇರಿ ಇಲ್ಲ.
ಬಾಕಿ ಯುಗಾದಿಗೆ ಕೊಡು."