ಉಪ್ಪು ಕೂರುವ ಹೊತ್ತು

ಉಪ್ಪು ಕಡಿಮೆ ಮಾಡಿ, ಉಸಿರು ಉದ್ದ ಮಾಡಿ,
ಎಂದರು ಕುಮಟೆಯ ಡಾಕ್ಟರು.
ಸಾಣಿಕಟ್ಟೆಯ ಉಪ್ಪಿನ ಸೊಸೈಟಿಯಲ್ಲಿ
ಇಪ್ಪತ್ತೆರಡು ವರ್ಷ ಮೂಟೆ ಬರೆದವನಿಗೆ!

ಬೆಳಿಗ್ಗೆ ಆಗರದ ಬದುವಿನ ಮೇಲೆ ಕೂತೆ.
ಪೂರಕ ನಾಲ್ಕು, ಕುಂಭಕ ಹದಿನಾರು,
ರೇಚಕಕ್ಕೆ ಬರುವಷ್ಟರಲ್ಲಿ
ನಿನ್ನೆಯ ಲಾರಿಗೆ ಎರಡು ಮೂಟೆ ಕಮ್ಮಿ.
ಮತ್ತೆ ಮೊದಲಿಂದ.
ಋಷಿಗಳಿಗೆ ಲೆಕ್ಕಪುಸ್ತಕ ಇರಲಿಲ್ಲವಲ್ಲ.

ಜಂತ್ರಡಿಯ ಆಚೆ ಅಘನಾಶಿನಿ
ಭರತಕ್ಕೆ ಉಬ್ಬುತ್ತಿತ್ತು.
ಈಚೆ ಮಡಿಯಲ್ಲಿ ನಾಲ್ಕು ಬೆರಳು ನೀರು,
ಅದರೊಳಗೊಂದು ಗರುಡ, ರೆಕ್ಕೆ ಆಡಿಸದೆ.
ಸುಮ್ಮನೆ ಬೆರಳು ಅದ್ದಿದೆ.
ಗರುಡ ಚೂರಾಯಿತು.

"ಕಲಕಬ್ಯಾಡಿ ಒಡೆಯಾ," ಬುದವಂತಿ
ಆಚೆ ಮಡಿಯಲ್ಲಿ ಹಲಗೆ ಎಳೆಯುತ್ತಲೇ ಕೂಗಿದಳು,
"ಕೂರೂಕೆ ನೋಡ್ತದೆ ಅದು. ಕೂರ್ಲಿ ಬಿಡಿ."
ನೀರಿನ ಮಾತು ಹೇಳಿದ್ದು, ನನ್ನದಲ್ಲ.

ಕೂತೆ. ಎಣಿಸಲಿಲ್ಲ.
ಬಿಸಿಲು ಬೆನ್ನಿಂದ ನೆತ್ತಿಗೆ ಬಂದದ್ದು ಗೊತ್ತು.
ಲಾರಿಯೊಂದು ಹಾರ್ನ್ ಹೊಡೆದು ಹೋದದ್ದೂ ಗೊತ್ತು,
ಯಾರದೆಂದು ಕೇಳಲಿಲ್ಲ.
ನೀರಿನ ಮೇಲೆ ಹಾಲ ಕೆನೆಯ ಹಾಗೆ
ಏನೋ ಕಟ್ಟಿತ್ತು; ಯಾವಾಗಲೋ.

ಏಳುವಾಗ ನೋಡಿದರೆ
ಅದ್ದಿದ ಬೆರಳು ಬೆಳ್ಳಗಾಗಿದೆ.
ನೆಕ್ಕಿದೆ.
ಡಾಕ್ಟರಿಗೆ ಹೇಳುವುದಿಲ್ಲ.